ಸೆಲೆಕ್ಟರ್‌ಗೆ ‘ಚಹರೆ’ ಎನ್ನಬಹುದೇ?

ಮಾನ್ಯರೇ,

ಮಂಡ್ಯದ ಕಚೇರಿಯೊಂದರ ಲೆಕ್ಕಪತ್ರ ಸಿಬ್ಬಂದಿಗಾಗಿ ಆರ್‌ಪಿಎ (ರೋಬೋಟಿಕ್ ಪ್ರೊಸೆಸ್ ಆಟೋಮೇಷನ್) ತಂತ್ರಾಂಶದ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಗುಮಾಸ್ತರು ಮಾಡುವ ಕೆಲಸವನ್ನು ಪರದೆಯ ಮೇಲೆ ತಾನೇ ಮಾಡುವ ಈ ತಂತ್ರಾಂಶವು, ಒತ್ತಬೇಕಾದ ಗುಂಡಿ ಯಾವುದು, ತುಂಬಬೇಕಾದ ಚೌಕ ಯಾವುದು ಎಂದು ಗುರುತಿಸುವ ಬಗೆಯನ್ನು ವಿವರಿಸುವಾಗ ‘ಸೆಲೆಕ್ಟರ್’ ಪದದ ಬಳಿ ಲೇಖನಿ ನಿಂತಿದೆ. ‘ಆಯ್ಕೆಗಾರ’ ಎಂದು ಬರೆದು ತೋರಿಸಿದೆ. ಓದಿದವರಿಗೆ ಕ್ರಿಕೆಟ್ ತಂಡ ಆರಿಸುವವರು ನೆನಪಾದರು.

ಯುಐಪಾತ್‌ನಂಥ ತಂತ್ರಾಂಶದಲ್ಲಿ ಸೆಲೆಕ್ಟರ್ ಎಂಬುದು ಯಾವ ಪ್ರೋಗ್ರಾಮು, ಅದರ ಯಾವ ವಿಂಡೋ, ಅದರೊಳಗಿನ ಯಾವ ಗುಂಡಿ, ಅದರ ಹೆಸರೇನು ಎಂದು ಹೊರಗಿನಿಂದ ಒಳಕ್ಕೆ ಹೇಳುತ್ತ ಹೋಗುವ, ಎಕ್ಸ್‌ಎಂಎಲ್ ಎಂಬ ಟ್ಯಾಗುಗಳ ಭಾಷೆಯಲ್ಲಿರುವ ಬರಹ. ಕಾಣೆಯಾದವರ ಪ್ರಕಟಣೆಯಲ್ಲಿ ‘ಕೋಲುಮುಖ, ಗೋಧಿ ಮೈಬಣ್ಣ’ ಎಂದು ಕೊಡುವ ಚಹರೆಯ ವಿವರಕ್ಕೂ ಇದಕ್ಕೂ ಹೋಲಿಕೆಯಿದೆ. ಚಹರೆಯಲ್ಲಿ ದಿನಕ್ಕೊಂದು ಬಣ್ಣದ ಅಂಗಿಯನ್ನು ಬರೆದರೆ ಆಳು ಸಿಗುವುದಿಲ್ಲ. ನಮ್ಮಲ್ಲಿ ಆದದ್ದೂ ಅದೇ. ವಿಂಡೋದ ತಲೆಬರಹ ‘ತೂಕದ ಚೀಟಿ 1043’ ಎಂದಿದ್ದುದನ್ನು ಇದ್ದಂತೆಯೇ ಹಿಡಿದಿಟ್ಟುಕೊಂಡಿದ್ದ ರೋಬೋಟ್ (ಅಂದರೆ ಈ ತಂತ್ರಾಂಶ), ಮುಂದಿನ ಚೀಟಿಗೆ 1044 ಬಂದೊಡನೆ ಗುರುತು ಸಿಗದೆ ನಿಂತುಬಿಟ್ಟಿತು. ಅಂಕಿಯ ಜಾಗದಲ್ಲಿ, ಅಲ್ಲಿ ಏನಿದ್ದರೂ ಸರಿ ಎಂದು ಸೂಚಿಸುವ ನಕ್ಷತ್ರ ಚಿಹ್ನೆ (*) ಹಾಕಿದ ಮೇಲೆ ಕೆಲಸ ಮುಂದುವರಿಯಿತು.

ಆದರೂ ‘ಚಹರೆ’ಯ ಬಗ್ಗೆ ನನಗೇ ಅನುಮಾನವಿದೆ. ಬ್ರೌಸರಿನಲ್ಲಿ ಪುಟದ ಹಿಂದಿರುವ ಎಚ್‌ಟಿಎಂಎಲ್ ಬರಹದ ಟ್ಯಾಗು ಮತ್ತು ಐಡಿಗಳಿಂದ, ಜಾವಾ ಪ್ರೋಗ್ರಾಮುಗಳಲ್ಲಿ ಆಕ್ಸೆಸ್ ಬ್ರಿಡ್ಜ್ ಎಂಬ ಕೊಂಡಿಯ ಮೂಲಕ, ವಿಂಡೋಸ್ ಪ್ರೋಗ್ರಾಮುಗಳಲ್ಲಿ ಯುಐ ಆಟೋಮೇಷನ್‌ನಂಥ ವ್ಯವಸ್ಥೆಗಳಿಂದ (ದೃಷ್ಟಿಯಿಲ್ಲದವರಿಗೆ ಪರದೆಯನ್ನು ಓದಿಹೇಳುವ ತಂತ್ರಾಂಶಗಳೂ ಇಂಥವನ್ನು ನೆಚ್ಚಿಕೊಂಡಿವೆ) ಗುರುತು ಸಿಗುತ್ತದೆ. ಇವುಗಳಲ್ಲಿ ಗುಂಡಿ ನೋಡಲು ಹೇಗಿದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ದೂರದ ಕಂಪ್ಯೂಟರಿನ ಪರದೆ ನಮ್ಮಲ್ಲಿಗೆ ಬರಿಯ ಚಿತ್ರವಾಗಿ ಬಂದಾಗ ಮಾತ್ರ ಗುಂಡಿಯ ಚಿತ್ರವನ್ನು ಹೋಲಿಸಿಯೋ ಒಸಿಆರ್‌ನಿಂದ ಅಕ್ಷರ ಓದಿಯೋ ಹುಡುಕಬೇಕಾಗುತ್ತದೆ. ನಿಜವಾದ ಚಹರೆ ಅದೇ ಅಲ್ಲವೇ? ‘ವಿಳಾಸ’ ಎನ್ನೋಣವೆಂದರೆ ಆ ಪದವನ್ನು ವೆಬ್ ಪುಟಕ್ಕೂ ಇಮೇಲಿಗೂ ಆಗಲೇ ಕೊಟ್ಟಾಗಿದೆ.

‘ಆ್ಯಂಕರ್’ ಪದಕ್ಕೆ ‘ಚೆಕ್ಕುಬಂದಿ’ ಎನ್ನುವುದರಲ್ಲಿ ಮಾತ್ರ ನನಗೆ ಅನುಮಾನ ಕಡಿಮೆ. ಚೌಕಕ್ಕೆ ಸ್ಥಿರವಾದ ಗುರುತು ಇಲ್ಲದಿದ್ದಾಗ ‘ಮೊತ್ತ’ ಎಂಬ ಪಕ್ಕದ ಬರಹವನ್ನು ಆಧಾರವಾಗಿ ಹಿಡಿದು ಅದರ ಬಲಕ್ಕಿರುವ ಚೌಕವನ್ನು ಹುಡುಕುವ ಕ್ರಮವಿದು. ‘ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ನಾಲೆ’ ಎಂದು ಕ್ರಯಪತ್ರದಲ್ಲಿ ಬರೆಯುವ ಚೆಕ್ಕುಬಂದಿಯನ್ನು ನಮ್ಮ ಕಡೆಯ ಯಾವ ರೈತರಿಗೂ ವಿವರಿಸಬೇಕಾಗಿಲ್ಲ. ಆದರೆ ಚೆಕ್ಕುಬಂದಿಗೆ ನಾಲ್ಕು ದಿಕ್ಕೂ ಬೇಕು, ಆ್ಯಂಕರ್‌ಗೆ ಒಂದು ನೆರೆ ಸಾಕು. ಇಷ್ಟು ಸಡಿಲಿಕೆ ಸಲ್ಲುತ್ತದೆಯೇ, ಸೆಲೆಕ್ಟರ್‌ಗೆ ‘ಚಹರೆ’ಗಿಂತ ಒಗ್ಗುವ ಪದ ಬಳಕೆಯಲ್ಲಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.