ಬೀದಿಯವರು ಏನಂದುಕೊಳ್ಳುತ್ತಾರೋ ಅನ್ನೋ ಚಿಂತೆ ಬಿಟ್ಟವರು ಇದ್ದೀರಾ?

ನನಗೆ 29 ವರ್ಷ, ಊರು ತುಮಕೂರು. ಆರು ವರ್ಷ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದವನು. ಮೂರು ತಿಂಗಳ ಹಿಂದೆ ಕಂಪನಿಯಲ್ಲಿ ಒಂದಷ್ಟು ಜನರನ್ನು ತೆಗೆದರು, ಅದರಲ್ಲಿ ನಾನೂ ಒಬ್ಬ. ಮನೆಯಲ್ಲಿ ಗೊತ್ತು. ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ.

ಹೇಳೋಕೆ ನಾಚಿಕೆ, ಆದರೂ ಹೇಳುತ್ತೇನೆ. ಈಗಲೂ ಬೆಳಿಗ್ಗೆ ಆರೂವರೆಗೆ ಶೂ ಹಾಕಿಕೊಂಡು, ಬ್ಯಾಗ್ ಏರಿಸಿಕೊಂಡು ಹೊರಡುತ್ತೇನೆ. ಅಮ್ಮ ಡಬ್ಬಿ ಕಟ್ಟಿಕೊಡುತ್ತಾರೆ. ಹತ್ತು ಗಂಟೆವರೆಗೆ ಅಮಾನಿಕೆರೆ ಪಾರ್ಕು, ಆಮೇಲೆ ಲೈಬ್ರರಿ. ಸಂಜೆ ರೈಲು ಬರುವ ಹೊತ್ತಿಗೆ ವಾಪಸ್. ರೈಲು ಲೇಟಾದ ದಿನ ಆ್ಯಪ್ ನೋಡಿಕೊಂಡು ನಾನೂ ಲೇಟಾಗಿ ಮನೆಗೆ ಹೋಗುತ್ತೇನೆ. ಲ್ಯಾಪ್‌ಟಾಪ್ ಕಂಪನಿಗೆ ಕೊಟ್ಟಾಯಿತು, ಬ್ಯಾಗ್ ಚಪ್ಪಟೆ ಕಾಣಬಾರದು ಅಂತ ಒಂದು ಹಳೇ ಟವೆಲ್ ತುರುಕಿದ್ದೇನೆ.

ಹೀಗೆ ಜನರ ಬಾಯಿಗೆ ಹೆದರಿ ಬದುಕಿ ಆಮೇಲೆ ಹೊರಗೆ ಬಂದವರು ನಿಮ್ಮ ಅನುಭವ ಹೇಳಿ. ‘ತಲೆ ಕೆಡಿಸ್ಕೋಬೇಡ’ ಅನ್ನೋದೊಂದು ಬಿಟ್ಟು.

ಶಿಡ್ಲಘಟ್ಟ ಕಡೆಯ ರೇಷ್ಮೆ ರೈತ:

ತಮ್ಮ, ನಿನ್ನ ಟವೆಲ್ ವಿಷಯ ಓದಿ ನಗು ಬಂತು, ಆಮೇಲೆ ನನ್ನದೇ ನೆನಪಾಗಿ ನಗು ನಿಂತಿತು.

ನಾನು 150 ಮೊಟ್ಟೆ ಸಾಕಿದ್ದೆ. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಪೂರ್ತಿ ಗೊಂಚಲು, ಅದರಲ್ಲೇ ನೂರಾರು ಹುಳು. ಹುಳು ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದು ಐದು ದಿನವಾಗಿತ್ತು. ಇನ್ನೆರಡು ಮೂರು ದಿನ ಕಳೆದರೆ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ಅನ್ನೋ ತಟ್ಟೆಗೆ ಹಾಕಬೇಕು. ಅಷ್ಟರಲ್ಲಿ ಒಂದಿಷ್ಟು ಹುಳು ಸೊಪ್ಪು ಬಿಟ್ಟು ಅಂಚಿನಲ್ಲಿ ಸುಮ್ನೆ ಓಡಾಡತೊಡಗಿದವು. ಮೈ ಉಬ್ಬಿಕೊಂಡಿತ್ತು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು. ಹಾಲು ರೋಗ. ಒಂದು ಮಂಕರಿಯಿಂದ ಶುರುವಾಗಿದ್ದು ಎರಡು ದಿನದಲ್ಲಿ ಅರ್ಧ ಮನೆ ತಿಂದಿತು.

ನನ್ನ ತಲೆಯಲ್ಲಿ ಇದ್ದದ್ದು ದುಡ್ಡಲ್ಲ. ಹಿಂದಿನ ಬೆಳೆ ಚೆನ್ನಾಗಿ ಬಂದಾಗ ಟೀ ಅಂಗಡಿಯಲ್ಲಿ ಕೂತು ಊರಿಗೆಲ್ಲ ಹುಳು ಸಾಕೋದು ಹೇಗೆ ಅಂತ ಪಾಠ ಮಾಡಿದ್ದೆ. ಈಗ ಅವರೆಲ್ಲ ಏನಂತಾರೆ? ಅದಕ್ಕೆ ಯಾರಿಗೂ ಹೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಮಂಕರಿ ಹೊತ್ತು, ಸುಣ್ಣ ತೆಗೆದುಕೊಂಡು ತೋಟದ ಮೂಲೆಯಲ್ಲಿ ಗುಂಡಿ ತೋಡಲು ಹೋದೆ. ಬದುವಿನ ಆಚೆ ಇನ್ನೊಂದು ಟಾರ್ಚ್. ಪಕ್ಕದ ತೋಟದ ಅಣ್ಣ. ಅವನ ಕೈಯಲ್ಲೂ ಗುದ್ದಲಿ, ಕಾಲ ಹತ್ತಿರ ಅದೇ ಸುಣ್ಣದ ಚೀಲ.

ಇಬ್ಬರೂ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಅವನು, ‘ನಿಂದು ಎಷ್ಟು ಹೋಯ್ತು?’ ಅಂದ. ಅವನ ಮನೆಯಲ್ಲಿ ನನಗಿಂತ ನಾಲ್ಕು ದಿನ ಮೊದಲೇ ಕಾಣಿಸಿಕೊಂಡಿತ್ತಂತೆ. ನಾನು ಏನಂದುಕೊಳ್ಳುತ್ತೇನೋ ಅಂತ ಅವನೂ ಬಾಯಿ ಬಿಟ್ಟಿರಲಿಲ್ಲ. ಹೇಳಿದ್ದರೆ ನಾನು ಅವತ್ತೇ ರೋಗದ ಹುಳು ಆರಿಸಿ ತೆಗೆದು, ಹುಳುವಿನ ಹಾಸಿಗೆಗೆ ಸುಣ್ಣ ಹೊಡೆದಿರುತ್ತಿದ್ದೆ. ಇವನ ಮನೆಗೆ ಹೋಗಿ ಬಂದು ಕೈ ತೊಳೆಯದೆ ಹುಳು ಮುಟ್ಟುತ್ತಿರಲಿಲ್ಲ. ಮರ್ಯಾದೆ ಉಳಿಸಿಕೊಳ್ಳೋಕೆ ಹೋಗಿ ಇಬ್ಬರೂ ಬೆಳೆ ಕಳೆದುಕೊಂಡೆವು. ಈಗ ಒಂದು ಹುಳ ಉಬ್ಬಿದರೂ ಮೊದಲು ಅವನಿಗೆ ಫೋನು.

ನಿನ್ನ ಜೊತೆ ಕೆಲಸ ಹೋದವರಲ್ಲಿ ಇನ್ನೆಷ್ಟು ಜನ ಯಾವ ಪಾರ್ಕಿನಲ್ಲಿ ಕೂತಿದ್ದಾರೋ, ಒಂದು ಫೋನ್ ಮಾಡಿ ನೋಡು.

ತುಮಕೂರಿನ ಎಂ.ಎ. ವಿದ್ಯಾರ್ಥಿ, ಮನಃಶಾಸ್ತ್ರ:

ಇದರ ಬಗ್ಗೆ ಒಂದು ಪ್ರಯೋಗ ಇದೆ ಸರ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಮಾಡಿದ್ದು, 2000ರಲ್ಲಿ ಪ್ರಕಟವಾಯಿತು. ಒಬ್ಬ ವಿದ್ಯಾರ್ಥಿಗೆ ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಮುಖ ಇರುವ ಟೀ ಶರ್ಟ್ ಹಾಕಿಸಿ, ಜನ ಕೂತಿದ್ದ ರೂಮಿಗೆ ಕಳಿಸುತ್ತಿದ್ದರು. ಆ ವಯಸ್ಸಿನವರಿಗೆ ಅದು ಹಾಕಿಕೊಳ್ಳೋಕೆ ನಾಚಿಕೆ ಪಡುವಂಥ ಶರ್ಟು. ಹಾಕಿಕೊಂಡವರು ಹೆಚ್ಚುಕಮ್ಮಿ ಅರ್ಧ ಜನ ಗುರುತಿಸಿರುತ್ತಾರೆ ಅಂದುಕೊಂಡರು. ನಿಜಕ್ಕೂ ಗುರುತಿಸಿದವರು ಕಾಲು ಭಾಗದಷ್ಟೇ. ನಮ್ಮ ಮೇಲೆ ನಾವೇ ಲೈಟು ಬಿಟ್ಟುಕೊಂಡು, ಎಲ್ಲರೂ ನೋಡುತ್ತಿದ್ದಾರೆ ಅಂದುಕೊಳ್ಳುತ್ತೇವೆ.

ಗೌರಿಬಿದನೂರು ಕಡೆಯವಳು:

ಮೇಲಿನ ತಮ್ಮ ಹೇಳಿದ್ದು ಓದೋಕೆ ಚೆಂದ. ಆದರೆ ಆ ರೂಮಿನಲ್ಲಿ ಇದ್ದವರು ಗುರುತು ಪರಿಚಯ ಇಲ್ಲದವರು. ನಮ್ಮ ಬೀದಿಯಲ್ಲಿ ಕಾಲು ಭಾಗ ಅಲ್ಲಪ್ಪ, ಎಲ್ಲರೂ ನೋಡ್ತಾರೆ. ನಾನು ಗಂಡನ ಮನೆ ಬಿಟ್ಟು ಬಂದಾಗ ಆಟೋದಿಂದ ಎಷ್ಟು ಸೂಟ್‌ಕೇಸ್ ಇಳಿಸಿದೆ ಅಂತ ಎಣಿಸಿದ್ದರು. ‘ಯಾರೂ ನಿನ್ನ ಬಗ್ಗೆ ಯೋಚಿಸಲ್ಲ’ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತೆ. ಯೋಚಿಸ್ತಾರೆ. ಬಾಡಿಗೆಗೆ ಮನೆ ಕೇಳಲು ಹೋದಾಗ ಅದರ ಬಿಸಿ ಮುಟ್ಟುತ್ತೆ.

ನಾನು ಮಾಡಿದ್ದು ಇಷ್ಟೇ. ಯಾರು ಕೇಳಿದರೂ ಒಂದೇ ಉತ್ತರ, ಒಂದಕ್ಷರ ಆಚೆ ಈಚೆ ಇಲ್ಲ. ‘ಹೊಂದಾಣಿಕೆ ಆಗಲಿಲ್ಲ, ಬಂದುಬಿಟ್ಟೆ. ಕಾಫಿ ಕುಡೀತೀರಾ?’ ಅಳಲಿಲ್ಲ, ಜಗಳ ಆಡಲಿಲ್ಲ, ಹೆಚ್ಚಿನ ವಿವರ ಕೊಡಲಿಲ್ಲ. ಮೊದಲ ಸಲ ಹೇಳುವಾಗ ಲೋಟ ಹಿಡಿದ ಕೈ ನಡುಗುತ್ತಿತ್ತು. ಹತ್ತನೇ ಸಲಕ್ಕೆ ನನಗೇ ಬೋರ್ ಆಯಿತು. ಅವರಿಗೂ ಆಗಿರಬೇಕು, ಏಕೆಂದರೆ ಆಮೇಲೆ ಬಂದವರು ಬರೀ ಕಾಫಿ ಕುಡಿದು ಹೋದರು. ಹಿಂದಿನ ಬೀದಿಯಲ್ಲಿ ಅಣ್ಣತಮ್ಮಂದಿರ ಸೈಟಿನ ಜಗಳ ಪೊಲೀಸ್ ಸ್ಟೇಷನ್‌ಗೆ ಹೋದ ಮೇಲಂತೂ ನನ್ನ ಕಥೆ ಪೂರ್ತಿ ಹಳೇದಾಯಿತು. ಅವರ ಉಪಕಾರ ಮರೆಯಲ್ಲ.

ಮುಳಬಾಗಿಲು ಹತ್ತಿರದ ಹಳ್ಳಿ, ಹಾಲಿನ ಡೇರಿಯಲ್ಲಿ ಕೆಲಸ:

ನಮ್ಮ ಮನೆಮಾತು ತೆಲುಗು. ಬೆಂಗಳೂರಿಗೆ ಓದಲು ಹೋದಾಗ ಹಾಸ್ಟೆಲ್‌ನಲ್ಲಿ ‘ಊಟ ತಿಂದ್ರಾ?’ ಅಂದೆ, ಎಲ್ಲರೂ ನಕ್ಕರು. ತೆಲುಗಿನಲ್ಲಿ ನಾವು ಹಾಗೇ ಕೇಳೋದು. ಅವತ್ತಿನಿಂದ ಎರಡು ವರ್ಷ ಬಾಯಿ ತೆರೆಯುವ ಮುಂಚೆ ಮನಸ್ಸಿನಲ್ಲೇ ವಾಕ್ಯ ಜೋಡಿಸಿ, ತಿದ್ದಿ, ಆಮೇಲೆ ಮಾತಾಡುತ್ತಿದ್ದೆ. ಅಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತಿತ್ತು.

ಇದು ಬಿಡಿಸಿದ್ದು ಡೇರಿ. ದಿನಾ ಬೆಳಿಗ್ಗೆ ಹಾಲು ಅಳೆದು, ಮಿಷನ್‌ಗೆ ಇಟ್ಟು, ಫ್ಯಾಟು ಹೇಳುತ್ತೇನೆ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳುತ್ತೆ. ಫ್ಯಾಟ್ ಕಮ್ಮಿಯಾದರೆ ರೇಟೂ ಕಮ್ಮಿ. 3.4 ಅಂದರೆ ‘ಈ ಹುಡುಗಿಗೆ ಕೆಲಸ ಬರಲ್ಲ’. ಅದೇ ಅಜ್ಜಿ, ಮಾರನೇ ದಿನ 4.1 ಬಂದರೆ ‘ನಮ್ಮ ಹುಡುಗಿ ಬಂಗಾರ’. ಮಿಷನ್ ಅದೇ, ನಾನೂ ಅದೇ. ಹಸುವಿಗೆ ಹಿಂದಿನ ದಿನ ಏನು ಮೇವು ಹಾಕಿದ್ದರೋ ಅದು ನನ್ನ ಹೆಸರಿಗೆ ಬರುತ್ತದೆ. ಆರು ತಿಂಗಳು ಇದನ್ನೇ ಕೇಳಿ ಕೇಳಿ, ಬೈಗುಳವೂ ಹೊಗಳಿಕೆಯೂ ಸ್ಲಿಪ್ಪಿನ ಜೊತೆ ಹರಿದು ಕೊಡುವ ಹಾಗಾಯಿತು.

ಆದರೆ ಒಂದು ಸಲ ಕ್ಯಾನ್ ಸರಿಯಾಗಿ ತೊಳೆದಿಲ್ಲ ಅಂತ ಒಬ್ಬರು ಬೈದರು, ನೋಡಿದರೆ ನಿಜ. ಅದನ್ನು ಮಾತ್ರ ಕಿವಿಗೆ ಹಾಕಿಕೊಂಡೆ.

ಕೋಲಾರದ ಆಶಾ ಕಾರ್ಯಕರ್ತೆ:

ನಿದ್ದೆ, ಊಟ ಸರಿ ಇದೆಯಾ ಅಪ್ಪಾ? ಮೂರು ತಿಂಗಳು ಒಬ್ಬನೇ ಪಾರ್ಕಿನಲ್ಲಿ ಕೂರೋದು ಓದಿ ಕೇಳುತ್ತಿದ್ದೇನೆ. ಮನಸ್ಸು ತುಂಬಾ ಕುಗ್ಗಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಹೆಸರು ಬೀದಿಗೆ ಬರಲ್ಲ.

ಕೇಳಿದವನು, ತುಮಕೂರು:

ಎಲ್ಲರಿಗೂ ಥ್ಯಾಂಕ್ಸ್. ನಿದ್ದೆ ಅಷ್ಟಕ್ಕಷ್ಟೇ, ನಂಬರ್ ಸೇವ್ ಮಾಡಿಕೊಂಡಿದ್ದೇನೆ ಅಕ್ಕ. ಗೌರಿಬಿದನೂರಿನ ಅಕ್ಕನ ದಾರಿ ಹಿಡಿದೆ. ‘ಕೆಲಸ ಹೋಯ್ತು, ಹುಡುಕ್ತಾ ಇದ್ದೀನಿ’ ಅಂತ ಬಾತ್‌ರೂಮಿನಲ್ಲಿ ನಾಲ್ಕು ಸಲ ಹೇಳಿಕೊಂಡು ಇವತ್ತು ಚಪ್ಪಲಿಯಲ್ಲಿ, ಬ್ಯಾಗ್ ಇಲ್ಲದೆ ಹೊರಗೆ ಬಂದೆ. ಮೂಲೆ ಮನೆ ಆಂಟಿ ರಂಗೋಲಿ ಹಾಕುತ್ತಿದ್ದರು. ನನಗೆ ಜಾಸ್ತಿ ಭಯ ಇದ್ದದ್ದೇ ಅವರದ್ದು, ದಿನಾ ತಪ್ಪದೆ ‘ಆಫೀಸಾ?’ ಅಂತಾರೆ. ಅವರು ಕೇಳುವ ಮೊದಲೇ ಹೇಳಿಬಿಟ್ಟೆ.

‘ಗೊತ್ತಪ್ಪ, ನಿಮ್ಮಮ್ಮ ಅವತ್ತೇ ಹೇಳಿದ್ರು’ ಅಂದರು.

‘ಮತ್ತೆ ದಿನಾ ಆಫೀಸಾ ಅಂತ ಕೇಳ್ತಿದ್ರಲ್ಲ ಆಂಟಿ?’

‘ನೀನು ಬ್ಯಾಗ್ ಹಾಕ್ಕೊಂಡು ಹೋಗ್ತಿದ್ದೆಯಲ್ಲ. ನಿಂಗೆ ಬೇಜಾರಾಗಬಾರದು ಅಂತ.’

ಅಮ್ಮನಿಗೆ ನಾಳೆಯಿಂದ ಡಬ್ಬಿ ಬೇಡ ಅಂದಿದ್ದೇನೆ. ಟವೆಲ್ ತೊಳೆಯಲು ಹಾಕಿದೆ.