400 ಮರದ ಪೆನ್ನು, 400 ಪೆಟ್ಟಿಗೆ: ಮಳೆಗಾಲದಲ್ಲಿ ಇಷ್ಟು ದೊಡ್ಡ ಆರ್ಡರ್ ಮುಗಿಸುವುದು ಹೇಗೆ?

ಶಿರಸಿ_ಲೇತ್

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಲ್ಲಿ ನಾನು, ನನ್ನ ತಮ್ಮ ಸೇರಿ ಸಣ್ಣ ಮರಗೆಲಸದ ಶೆಡ್ ನಡೆಸುತ್ತೇವೆ. ಇಲ್ಲಿಯವರೆಗೆ ಹತ್ತು, ಇಪ್ಪತ್ತು, ಹೆಚ್ಚೆಂದರೆ ಐವತ್ತು ಪೆನ್ನಿನ ಆರ್ಡರ್ ಬರುತ್ತಿತ್ತು. ಈಗ ಬೆಂಗಳೂರಿನ ಒಂದು ಕಾಲೇಜಿನವರು ಐವತ್ತನೇ ವರ್ಷದ ಸಮಾರಂಭಕ್ಕೆ 400 ಪೆನ್ನು, ಪ್ರತಿಯೊಂದಕ್ಕೂ ಒಂದು ಮರದ ಪೆಟ್ಟಿಗೆ ಬೇಕು ಅಂದಿದ್ದಾರೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಪಡೆಯುವವರ ಹೆಸರು ಕನ್ನಡದಲ್ಲೇ ಇರಬೇಕು. ಅಕ್ಟೋಬರ್ ಕೊನೆಗೆ ಸಾಮಾನು ಅವರ ಕೈ ಸೇರಬೇಕು.

ಪೆನ್ನಿಗೆ ಹಲಸು, ಪೆಟ್ಟಿಗೆಗೆ ಸಾಗವಾನಿ ಅಂತ ಮಾತಾಗಿದೆ. ಮುಖ್ಯ ಅತಿಥಿಗಳಿಗೆ ಕೊಡುವ ಸ್ವಲ್ಪ ಪೆನ್ನು ಮಾತ್ರ ಬೀಟೆಯದು. ಬಿಲ್ ಇರುವ ಬೀಟೆ ತುಂಡುಗಳು ನಮ್ಮ ಹತ್ತಿರ ಇವೆ. ಮರವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರ ಒಂದೇ. ಈಗ ಆಗಸ್ಟ್, ಮಳೆ ಬಿಡುವ ಲಕ್ಷಣ ಇಲ್ಲ, ಕರೆಂಟ್ ಹೋಗಿ ಬಂದು ಮಾಡುತ್ತಿದೆ.

ಯಾವ ಕೆಲಸ ಮೊದಲು ಹಿಡಿಯಬೇಕು? ಒಂದೊಂದು ಸೆಟ್ ಪೂರ್ತಿ ಮುಗಿಸುತ್ತಾ ಹೋಗುವುದೋ, ಒಂದೊಂದು ಹಂತವನ್ನು ಎಲ್ಲಕ್ಕೂ ಒಟ್ಟಿಗೆ ಮಾಡುವುದೋ? ಕಡೆಯುವ ಕೆಲಸ ಸ್ವಲ್ಪ ಹೊರಗೆ ಕೊಡಬಹುದಾ? ಇಷ್ಟು ದೊಡ್ಡ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಈ ಆರ್ಡರ್ ಚೆನ್ನಾಗಿ ಮುಗಿಸಿಕೊಡಬೇಕು ಅಂತ ಇಬ್ಬರಿಗೂ ತುಂಬಾ ಆಸೆ ಇದೆ.

---

ಮೈಸೂರು_ಕಡೆತ

ಮೊದಲು ಅಭಿನಂದನೆ ಅಕ್ಕ. ನೇರವಾಗಿ ಹೇಳುತ್ತೇನೆ, ನೀವು ಪೆನ್ನಿನ ಬಗ್ಗೆ ಯೋಚನೆ ಮಾಡುತ್ತಿದ್ದೀರಿ, ಆದರೆ ನಿಮ್ಮ ಸಮಯ ತಿನ್ನುವುದು ಪೆಟ್ಟಿಗೆ. ಪೆನ್ನು ಲೇತ್ ಮೇಲೆ ಹತ್ತಿದರೆ ಬೇಗ ಇಳಿಯುತ್ತದೆ. ಪೆಟ್ಟಿಗೆಗೆ ಆರು ಮುಖ, ಮೂಲೆಗಳ ಜೋಡಣೆ, ಬಿಜಾಗರಿ, ಒಳಗಿನ ಮಖಮಲ್, ಹೆಸರು, ಪಾಲಿಶ್ ಎಲ್ಲ ಇದೆ. ಪೆಟ್ಟಿಗೆಯಿಂದಲೇ ಶುರು ಮಾಡಿ.

ಅದಕ್ಕೂ ಮೊದಲು ಮರ. ಇದೇ ನಿಮ್ಮ ದೊಡ್ಡ ವಿಷಯ. ಶಿರಸಿಯ ಮಳೆಯಲ್ಲಿ ಒಣಗಿದೆ ಅಂತ ಕಾಣುವ ಹಲಗೆ, ಬೆಂಗಳೂರಿನ ಏಸಿ ಕೋಣೆಗೆ ಹೋದ ಮೇಲೆ ಇನ್ನೂ ಒಣಗುತ್ತದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಪೆಟ್ಟಿಗೆಯಲ್ಲಿ ಹಾಗಾದರೆ ಮುಚ್ಚಳ ಬಾಗುತ್ತದೆ, ಇಲ್ಲಾ ಮೂಲೆ ಬಿಡುತ್ತದೆ. ಪೆನ್ನಿನಲ್ಲಿ ಇನ್ನೂ ಕಷ್ಟ. ಒಳಗಿರುವ ಹಿತ್ತಾಳೆ ನಳಿಗೆ ಕುಗ್ಗುವುದೇ ಇಲ್ಲ, ಅದರ ಮೇಲಿನ ಮರ ಕುಗ್ಗಲು ನೋಡುತ್ತದೆ, ಜಾಗ ಸಿಗದೆ ಉದ್ದುದ್ದ ಸೀಳು ಬಿಡುತ್ತದೆ. ಕೊಟ್ಟು ತಿಂಗಳಾದ ಮೇಲೆ ಫೋನ್ ಬರುವುದು ಇದಕ್ಕೇ.

ತೇವ ಅಳೆಯುವ ಮೀಟರ್ ಇದ್ದರೆ 8ರಿಂದ 12 ಪರ್ಸೆಂಟ್ ಒಳಗೆ ಬರುವವರೆಗೆ ಕಾಯಿರಿ. ಮೀಟರ್ ಇಲ್ಲದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನಾಲ್ಕೈದು ತುಂಡಿಗೆ ಗುರುತು ಹಾಕಿ, ಎರಡು ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಆ ಗಾಳಿಗೆ ಮರ ಹೊಂದಿಕೊಂಡಿತು ಅಂತ ಅರ್ಥ. ಆದರೆ ನಿಮ್ಮ ಕಡೆಯ ಮಳೆಗಾಲದ ಗಾಳಿಗೆ ಹೊಂದಿಕೊಂಡರೆ ಸಾಲದು ಅಲ್ವಾ? ಅದಕ್ಕೆ ಒಂದು ಹಳೆಯ ಬೀರುವಿನಲ್ಲೋ ಸಣ್ಣ ಕೋಣೆಯಲ್ಲೋ ತೇವ ಎಳೆಯುವ ಯಂತ್ರ ಇಟ್ಟು ತುಂಡುಗಳನ್ನು ಅಲ್ಲಿ ಜೋಡಿಸಿ. ನಡುವೆ ಪಟ್ಟಿ ಕೊಟ್ಟು ಗಾಳಿ ಆಡುವ ಹಾಗೆ ಇಡಬೇಕು. ಒಲೆಯ ಮೇಲಿನ ಅಟ್ಟಕ್ಕೆ ಹಾಕುವ ಯೋಚನೆ ಬೇಡ, ಒಂದು ಕಡೆ ಬೇಗ ಒಣಗಿ ತುದಿ ಸೀಳುತ್ತದೆ. ಪೆನ್ನಿನ ತುಂಡುಗಳನ್ನು ಈಗಲೇ ಮುಕ್ಕಾಲು ಇಂಚಿನ ಚೌಕಕ್ಕೆ ಕೊಯ್ದು ಒಳಗಿಡಿ. ದಪ್ಪ ದಿಮ್ಮಿಗಿಂತ ಸಣ್ಣ ತುಂಡು ಎಷ್ಟೋ ಬೇಗ ಒಣಗುತ್ತದೆ.

ಒಂದೊಂದು ಸೆಟ್ಟೋ ಒಂದೊಂದು ಹಂತವೋ ಅಂದರೆ, ಹಂತವೇ. ಆದರೆ 400 ಒಟ್ಟಿಗೆ ಅಲ್ಲ. ಮೊದಲು ಹತ್ತು ಸೆಟ್ ಪೂರ್ತಿ ಮುಗಿಸಿ, ಪ್ರತಿ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯಿರಿ. ಆಮೇಲೆ ಐವತ್ತರ ತಂಡ ಮಾಡಿ: ಐವತ್ತಕ್ಕೂ ತೂತು, ಐವತ್ತಕ್ಕೂ ನಳಿಗೆ ಅಂಟಿಸುವುದು, ಐವತ್ತರ ತುದಿ ಸಮ ಮಾಡುವುದು, ಆಮೇಲೆ ಕಡೆಯುವುದು. ಒಂದು ತಂಡದಲ್ಲಿ ಏನಾದರೂ ಎಡವಟ್ಟಾದರೆ ಐವತ್ತರಲ್ಲೇ ನಿಲ್ಲುತ್ತದೆ. ಕರೆಂಟ್ ಇಲ್ಲದ ಹೊತ್ತಿಗೆ ನಳಿಗೆ ಉಜ್ಜುವುದು, ಅಂಟಿಸುವುದು, ಮಖಮಲ್ ಕತ್ತರಿಸುವುದು ಇಟ್ಟುಕೊಳ್ಳಿ.

---

ರಾಮನಗರ_ಅರಗು

ನಮ್ಮ ಮನೆಯವರು ಚನ್ನಪಟ್ಟಣದಲ್ಲಿ ಅರಗಿನ ಕೆಲಸ ಮಾಡುವವರು, ಅದಕ್ಕೆ ಹೊರಗೆ ಕೊಡುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಕಡೆಯುವ ಕೆಲಸ ಹೊರಗೆ ಕೊಡಬಹುದು. ಲೇತ್ ಮೇಲೆ ಒಂದೇ ಆಕಾರವನ್ನು ದಿನವಿಡೀ ತೆಗೆಯುವ ಕೈ ನಮ್ಮ ಕಡೆ ತುಂಬಾ ಇದೆ. ಆದರೆ ಎರಡು ವಿಷಯ ಮೊದಲೇ ತಿಳಿದಿರಲಿ. ನಮ್ಮವರ ಕೈ ಪಳಗಿರುವುದು ಹಾಲೆ ಮರಕ್ಕೆ. ಅದು ಬೆಳ್ಳಗೆ, ಮೆತ್ತಗೆ, ಎಳೆ ನುಣುಪು. ಬೀಟೆ ಗಟ್ಟಿ, ಉಳಿ ಬೇಗ ಮೊಂಡಾಗುತ್ತದೆ, ಅದರ ಕೂಲಿ ಬೇರೆ ಇರುತ್ತದೆ. ಇನ್ನೊಂದು, ಪೆನ್ನಿನ ತುದಿಯ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಲೋಹದ ಭಾಗಕ್ಕೂ ಮರಕ್ಕೂ ನಡುವೆ ಮೆಟ್ಟಿಲು ಬಂದು ಬೆರಳಿಗೆ ತಾಗುತ್ತದೆ. ಬೊಂಬೆಯಲ್ಲಿ ಅಷ್ಟು ಬಿಗಿ ಬೇಕಾಗಿಲ್ಲ. ಹಾಗಾಗಿ ನಿಮ್ಮ ಅಳತೆಯ ಬುಷ್ (ಪೆನ್ನಿನ ತುದಿ ಎಷ್ಟು ದಪ್ಪ ಇರಬೇಕು ಅಂತ ತೋರಿಸುವ ಲೋಹದ ಉಂಗುರ) ಕೂಡ ಕಳಿಸಿ, ಮೊದಲು ಇಪ್ಪತ್ತು ಮಾಡಿಸಿ ನೋಡಿ.

ಹೊರಗೆ ಕೊಟ್ಟರೆ ಗಿರಾಕಿಗೆ ಹೇಳಿಬಿಡಿ. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಕೈಕೆಲಸ ಅಂತ ದುಡ್ಡು ಕೊಡುವವರಿಗೆ ಯಾರ ಕೈ ಅಂತ ತಿಳಿಯುವ ಹಕ್ಕಿದೆ, ಮಾಡಿದವರ ಹೆಸರು ಸಣ್ಣ ಚೀಟಿಯಲ್ಲಿ ಹೋದರೆ ಆ ಕುಶಲಕರ್ಮಿಗೂ ಖುಷಿ. ಚನ್ನಪಟ್ಟಣದ ಕೆಲಸಕ್ಕೆ ಜಿಐ ನೋಂದಣಿ, ಅಂದರೆ ಊರಿನ ಹೆಸರು ಕಾಯುವ ಭೌಗೋಳಿಕ ಗುರುತು ಇದೆ. ಬೇರೆ ಕಡೆ ಮಾಡಿದ್ದಕ್ಕೆ ಆ ಹೆಸರು ಅಂಟಿಸಬೇಡಿ, ಇಲ್ಲೇ ಮಾಡಿಸಿದ್ದಕ್ಕೆ ಬಿಡಬೇಡಿ.

ಪಾಲಿಶ್ ಬಗ್ಗೆ ಯಾರೂ ಹೇಳಲಿಲ್ಲ. ಅರಗು ಅಂದರೆ ನನಗೆ ಜೀವ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಿಸಿಗೆ ಕರಗಿ ಹತ್ತುತ್ತದೆ, ಆಮೇಲೆ ಒಣಗಿದ ಕೇದಿಗೆ ಎಲೆ ಹಿಡಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ಆದರೂ ಈ ಪೆನ್ನಿಗೆ ಅರಗು ಬೇಡ ಅನ್ನುತ್ತೇನೆ. ಅರಗು ಸ್ಪಿರಿಟ್‌ನಲ್ಲಿ ಕರಗುವ ವಸ್ತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಹಾಗೇ ಪೆನ್ನು ಹಿಡಿದರೆ ಅಂಟಂಟಾಗಿ ಬೆರಳಚ್ಚು ಕೂರುತ್ತದೆ. ಫ್ರೆಂಚ್ ಪಾಲಿಶ್ ಕಥೆಯೂ ಅದೇ, ಅದೂ ಅರಗಿನದ್ದೇ. ಪೆಟ್ಟಿಗೆಗೆ ಅದು ಚೆನ್ನ. ಪೆನ್ನಿಗೆ ಸೂಪರ್ ಗ್ಲೂ ಥರದ ತೆಳು ಅಂಟನ್ನು ಪದರ ಪದರವಾಗಿ ಹಚ್ಚಿ ಉಜ್ಜುವ ಪದ್ಧತಿ ಇದೆಯಲ್ಲ, ಅದು ಬೆವರಿಗೂ ಸ್ಯಾನಿಟೈಸರ್‌ಗೂ ತಡೆಯುತ್ತದೆ. ಕಿಟಕಿ ತೆರೆದಿಡಿ, ಅದರ ಹೊಗೆ ಕಣ್ಣು ಉರಿಸುತ್ತದೆ.

---

ಲೆಕ್ಕದ_ಮೇಷ್ಟ್ರು

ಮರಗೆಲಸ ನನಗೆ ಬರುವುದಿಲ್ಲ. ಸಣ್ಣ ಉದ್ದಿಮೆಗಳ ಲೆಕ್ಕ ಬರೆಯುತ್ತೇನೆ. ಇಂಥ ಆರ್ಡರ್‌ಗಳು ಕೆಟ್ಟಿದ್ದು ನಾನು ನೋಡಿದ ಕಡೆಯೆಲ್ಲ ಮಾತು ಬರವಣಿಗೆಗೆ ಇಳಿಯದೆ ಇದ್ದದ್ದರಿಂದ.

ಮುಂಗಡ ಅರ್ಧ ತೆಗೆದುಕೊಳ್ಳಿ. ಪೆನ್ನಿನ ಕಿಟ್ (ಲೋಹದ ಭಾಗಗಳ ಸೆಟ್), ಮರ, ಬಿಜಾಗರಿ ಎಲ್ಲ ನಿಮ್ಮ ಕೈಯಿಂದ ಹಾಕಿಕೊಂಡು ಕೂರುವುದು ಬೇಡ. ಒಪ್ಪಿದ ಸ್ಯಾಂಪಲ್ ಎರಡು ಮಾಡಿ, ಅವರ ಸಹಿ ಇರುವ ಚೀಟಿ ಅಂಟಿಸಿ, ಒಂದು ಅವರಲ್ಲಿ, ಒಂದು ನಿಮ್ಮಲ್ಲಿ ಇರಲಿ. ಸಾಮಾನನ್ನು ಒಂದೇ ಸಲ ಕೊಡುವ ಬದಲು ನೂರು ನೂರಾಗಿ ಕಳಿಸಿ, ಪ್ರತಿ ಕಂತಿಗೂ ಒಪ್ಪಿಗೆಯ ಇಮೇಲ್ ಪಡೆಯಿರಿ.

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದೆಯಾ? ಇಲ್ಲದಿದ್ದರೆ ಆರ್ಡರ್ ಒಪ್ಪುವ ಮೊದಲೇ ಮಾಡಿಸಿ, ಸರ್ಕಾರದ ವೆಬ್‌ಸೈಟಿನಲ್ಲಿ ಅದು ಉಚಿತ. 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯಿಂದ ಸಾಮಾನು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಜಗಳ ಮಾಡಲು ಅಲ್ಲ, ಬಿಲ್ಲಿನ ಮೇಲೆ ಆ ನೋಂದಣಿ ಸಂಖ್ಯೆ ಹಾಕಿದರೆ ಸಾಕು.

ಇನ್ನು ಹೆಸರುಗಳು. 400 ಕನ್ನಡ ಹೆಸರು ಅಂದರೆ ಅದೇ ಒಂದು ಪ್ರತ್ಯೇಕ ಕೆಲಸ. ಪಟ್ಟಿಯನ್ನು ಅವರೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ತಿದ್ದಿ, ಸಹಿ ಹಾಕಿ ಕೊಡಲಿ. ಇಂಗ್ಲಿಷ್ ಪಟ್ಟಿ ಕೊಟ್ಟು ನೀವೇ ಕನ್ನಡ ಮಾಡಿಕೊಳ್ಳಿ ಅಂದರೆ ಒಪ್ಪಬೇಡಿ. ಅದು ಹೆಗ್ಡೆಯೋ ಹೆಗಡೆಯೋ ನಿಮಗೆ ಹೇಗೆ ಗೊತ್ತಾಗಬೇಕು?

---

ಲೇಸರ್_ಹುಬ್ಬಳ್ಳಿ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲೇಸರ್ ಯಂತ್ರದ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. "ಕೃಷ್ಣಪ್ಪ" ಅಂತ ಕೊಟ್ಟರೆ ಒತ್ತುಗಳೆಲ್ಲ ಬಿಡಿ ಬಿಡಿಯಾಗಿ ಎಲ್ಲೆಲ್ಲೋ ಕೂರುತ್ತವೆ. ಕನ್ನಡ ಸರಿಯಾಗಿ ತೋರಿಸುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಹೆಸರು ಜೋಡಿಸಿ, ಅಕ್ಷರವನ್ನು ಗೆರೆಯ ಚಿತ್ರಕ್ಕೆ ಬದಲಾಯಿಸಿದ ಮೇಲೆ ಫೈಲ್ ಕಳಿಸಿ. ದಪ್ಪ ಅಕ್ಷರ ಆರಿಸಿಕೊಳ್ಳಿ, ತೆಳು ಫಾಂಟಿನಲ್ಲಿ ಒತ್ತಿನ ಒಳಗಿನ ಸಣ್ಣ ಜಾಗ ಸುಟ್ಟು ಮುಚ್ಚಿಹೋಗುತ್ತದೆ.

ಸಾಗವಾನಿಯ ಮೇಲೆ ಅಕ್ಷರ ಚೆನ್ನಾಗಿ ಏಳುತ್ತದೆ. ಬೀಟೆ ಕಪ್ಪು, ಅದರ ಮೇಲೆ ಸುಟ್ಟ ಗುರುತು ಕಾಣುವುದೇ ಇಲ್ಲ. ಆ ಪೆನ್ನುಗಳ ಮೇಲೆ ಹೆಸರು ಬೇಡ, ಪೆಟ್ಟಿಗೆಯ ಮೇಲಿದ್ದರೆ ಸಾಕು.

---

ಕೊಡಗಿನ_ಬಡಗಿ

ಹಲಸಿನ ಬಣ್ಣದ ಬಗ್ಗೆ ಗಿರಾಕಿಗೆ ಹೇಳಿದ್ದೀರಾ? ಹೊಸದಾಗಿ ಕಡೆದಾಗ ಅರಿಶಿನದ ಹಾಗೆ ಹಳದಿ, ಬೆಳಕಿಗೆ ಬಿದ್ದ ಮೇಲೆ ನಿಧಾನಕ್ಕೆ ಕಂದು. ಸೆಪ್ಟೆಂಬರ್‌ನಲ್ಲಿ ಮುಗಿಸಿದ್ದಕ್ಕೂ ಅಕ್ಟೋಬರ್‌ನಲ್ಲಿ ಮುಗಿಸಿದ್ದಕ್ಕೂ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. ಮುಗಿದದ್ದನ್ನು ಡಬ್ಬಿಯಲ್ಲಿ ಮುಚ್ಚಿ ಕತ್ತಲಲ್ಲಿ ಇಡಿ.

ನನ್ನ ಅಭಿಪ್ರಾಯ ಬೇರೆಯೂ ಇದೆ. ಎಲ್ಲ 400 ಒಂದೇ ಥರ ಕಾಣಬೇಕು ಅಂತ ಒಪ್ಪಿಕೊಳ್ಳಬೇಡಿ. ಆಕಾರ, ಅಳತೆ, ಹೊಳಪು ಒಂದೇ ಇರಲಿ. ಮರದ ಎಳೆ, ಬಣ್ಣ ಹೇಗೆ ಒಂದಾಗುತ್ತದೆ? ಒಂದು ತಿಳಿ, ಒಂದು ನಡುವಿನದು, ಒಂದು ಗಾಢ, ಮೂರು ಸ್ಯಾಂಪಲ್ ತೋರಿಸಿ, ಇಷ್ಟರೊಳಗೆ ಇರುತ್ತದೆ ಅಂತ ಬರೆಸಿಕೊಳ್ಳಿ. ಮರಕ್ಕೆ ಬಣ್ಣ ಬಳಿದು ಒಂದೇ ಮಾಡುವುದಾದರೆ ಮರವೇ ಯಾಕೆ ಬೇಕು?

ಹಿತ್ತಾಳೆ ತಿರುಪಿನ ಬಗ್ಗೆ ಎಚ್ಚರ. ಸಾಗವಾನಿಯಲ್ಲಿ ನೇರ ತಿರುಗಿಸಿದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ಸಣ್ಣ ತೂತು ಮಾಡಿ, ಅದೇ ಅಳತೆಯ ಕಬ್ಬಿಣದ ತಿರುಪು ಒಮ್ಮೆ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದು ಹಾಕಿ. ಪೆಟ್ಟಿಗೆಯ ತಳವನ್ನು ಪಕ್ಕದ ಹಲಗೆಗಳಲ್ಲಿ ಕೊರೆದ ತೋಡಿನಲ್ಲಿ ಸುಮ್ನೆ ಕೂರಿಸಿ, ಅಂಟು ಹಾಕಬೇಡಿ. ತೇವಕ್ಕೆ ಹಿಗ್ಗಲು ಕುಗ್ಗಲು ಜಾಗ ಇರಬೇಕು.

---

ಶಿರಸಿ_ಲೇತ್

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ತಮ್ಮನೂ ನಾನೂ ಕೂತು ಮಾತಾಡಿದೆವು. ಮರ ಕೊಯ್ದು ಒಳಗಿಡುವ ಕೆಲಸ ಶುರುವಾಗಿದೆ. ಕಡೆಯುವುದನ್ನು ಹೊರಗೆ ಕೊಡುವುದಿಲ್ಲ. ಪೆಟ್ಟಿಗೆಯ ಹಲಗೆ ಕೊಯ್ದು ರಂದ ಹೊಡೆಯುವುದನ್ನು ಮಾತ್ರ ನಮ್ಮೂರಿನ ಆಚಾರಿಗಳ ಹತ್ತಿರ ಮಾಡಿಸುತ್ತೇವೆ, ಅದನ್ನು ಕಾಲೇಜಿನವರಿಗೂ ಹೇಳಿದೆ, ಅವರು ಖುಷಿಯಿಂದಲೇ ಒಪ್ಪಿದರು. ಮೂರು ಬಣ್ಣದ ಸ್ಯಾಂಪಲ್ ಮುಂದಿನ ವಾರ ಕಳಿಸುತ್ತೇವೆ.

ಇನ್ನೆರಡು ಪ್ರಶ್ನೆ. ಯಾವ ರೀಫಿಲ್ ಹಿಡಿಸುವ ಕಿಟ್ ತೆಗೆದುಕೊಳ್ಳಲಿ? ಮತ್ತೆ, ಬೀಟೆ ಪೆನ್ನು ಪಡೆಯುವ ಅತಿಥಿಗಳಲ್ಲಿ ಕೆಲವರು ಅಮೆರಿಕದಿಂದ ಬರುವವರು. ಅವರು ಅದನ್ನು ಒಯ್ಯಲು ತೊಂದರೆ ಇದೆಯಾ?

---

ಮೈಸೂರು_ಕಡೆತ

ರೀಫಿಲ್ ವಿಷಯದಲ್ಲಿ ಯೋಚನೆಯೇ ಬೇಡ, ಪಾರ್ಕರ್ ಮಾದರಿಯದು ಹಿಡಿಸುವ ಕಿಟ್ ತೆಗೆದುಕೊಳ್ಳಿ. ತೆಳು ಪೆನ್ನಿನ 7 ಮಿಲಿಮೀಟರ್ ಕಿಟ್ ಅಗ್ಗ, ಆದರೆ ಅದಕ್ಕೆ ಸಾಮಾನ್ಯವಾಗಿ ಕ್ರಾಸ್ ಮಾದರಿಯ ರೀಫಿಲ್ ಬೇಕು. ಅದು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಇಂಕು ಮುಗಿದ ಮೇಲೆ ಪೆನ್ನು ಪೆಟ್ಟಿಗೆಯಲ್ಲೇ ಉಳಿದುಬಿಟ್ಟರೆ ನಿಮ್ಮ ಶ್ರಮ ಹೋಯಿತು. ಪಾರ್ಕರ್ ಮಾದರಿಯದು ತಾಲೂಕು ಊರಿನ ಪುಸ್ತಕದಂಗಡಿಯಲ್ಲೂ ಸಿಗುತ್ತದೆ. ಕಿಟ್ ಎಲ್ಲವನ್ನೂ ಒಂದೇ ಸಲ ತರಿಸಿ, ನೂರಕ್ಕೆ ಹತ್ತರಷ್ಟು ಜಾಸ್ತಿ ಇರಲಿ. ಬೇರೆ ಬೇರೆ ಸಲ ತರಿಸಿದರೆ ಲೋಹದ ಮೆರುಗು ಸ್ವಲ್ಪ ಬೇರೆ ಬರುವುದುಂಟು.

ಬೀಟೆಗೆ ತೊಂದರೆ ಇಲ್ಲ ಅನ್ನಬಹುದು. 2017ರ ಜನವರಿಯಿಂದ ಬೀಟೆಯ ಹೆಚ್ಚುಕಡಿಮೆ ಇಡೀ ಕುಲವೇ ಸೈಟಿಸ್ (ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಆದರೆ ತಯಾರಾದ ವಸ್ತುವಿನಲ್ಲಿ ಆ ಮರದ ತೂಕ ಒಂದು ಸಾಗಣೆಯಲ್ಲಿ ಒಟ್ಟು 10 ಕೆಜಿ ದಾಟದಿದ್ದರೆ ಸೈಟಿಸ್ ಪರವಾನಗಿ ಬೇಕಿಲ್ಲ. ಒಂದು ಪೆನ್ನು ಎಷ್ಟು ಗ್ರಾಂ ಆಗುತ್ತದೆ ಹೇಳಿ. ನಿಮ್ಮ ಮರದ ಬಿಲ್ ಮಾತ್ರ ಜೋಪಾನ, ಯಾರಾದರೂ ಕೇಳಿದರೆ ತೋರಿಸಲು ಬೇಕು.

ಬೀಟೆ ಕಡೆಯುವಾಗ ಮಾಸ್ಕ್ ಬಿಡಬೇಡಿ, ಅದರ ಪುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆ, ಮೂಗಿನಲ್ಲಿ ಉರಿ ತರುತ್ತದೆ. ಎಣ್ಣೆ ಅಂಶದ ಮರ ಆದ್ದರಿಂದ ನಳಿಗೆ ಅಂಟಿಸುವ ಮೊದಲು ತೂತಿನ ಒಳಗೆ ಅಸಿಟೋನ್ ಒರೆಸಿ.

ಇಷ್ಟು ದೊಡ್ಡ ಆರ್ಡರ್‌ನಲ್ಲಿ ಮಾತ್ರ ಬರುವ ಒಂದು ತಾಪತ್ರಯ ಹೇಳಿಬಿಡುತ್ತೇನೆ. ಅಳತೆಯ ಬುಷ್‌ಗಳು ಉಜ್ಜು ಕಾಗದಕ್ಕೆ ಸಿಕ್ಕಿ ಸಿಕ್ಕಿ ಸವೆಯುತ್ತವೆ. ಮೊದಲ ನೂರು ಸರಿ ಇರುತ್ತದೆ, ಆಮೇಲೆ ಗೊತ್ತಾಗದ ಹಾಗೆ ಪೆನ್ನು ತೆಳ್ಳಗಾಗುತ್ತಾ ಹೋಗುತ್ತದೆ. ಎರಡು ಮೂರು ಜೊತೆ ತರಿಸಿ, ಪ್ರತಿ ತಂಡ ಶುರು ಮಾಡುವಾಗ ವರ್ನಿಯರ್ ಹಿಡಿದು ನೋಡಿ. ಲೇತ್‌ನಲ್ಲಿ ಪೆನ್ನಿನ ತುಂಡು ಪೋಣಿಸುವ ಸರಳು, ಮ್ಯಾಂಡ್ರಿಲ್, ಅದರ ನಟ್ ಜಾಸ್ತಿ ಬಿಗಿ ಮಾಡಬೇಡಿ, ಸರಳು ಬಾಗಿದರೆ ಪೆನ್ನು ಒಂದು ಕಡೆ ದಪ್ಪ ಬರುತ್ತದೆ. ತೂತು ಕೊರೆಯುವಾಗ ಬಿಟ್ ಅನ್ನು ಆಗಾಗ ಹೊರಗೆ ಎಳೆದು ಪುಡಿ ತೆಗೆಯಿರಿ, ಬಿಸಿಗೆ ತುಂಡು ಸೀಳುತ್ತದೆ.

ಕೊನೆಗೆ ಪ್ಯಾಕಿಂಗ್. ಹೊಸ ಪಾಲಿಶ್ ಮೇಲೆ ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ಗುಳ್ಳೆಯ ಗುರುತು ಹಾಗೇ ಕೂರುತ್ತದೆ. ಮೊದಲು ಬೆಣ್ಣೆ ಕಾಗದ, ಆಮೇಲೆ ಪ್ಲಾಸ್ಟಿಕ್. ಹೆಸರಿನ ಪಟ್ಟಿಯ ಕ್ರಮಸಂಖ್ಯೆಯನ್ನು ಪ್ರತಿ ಪೆಟ್ಟಿಗೆಯ ಹೊರಗಿನ ಕಾಗದದ ಮೇಲೆ ಬರೆಯಿರಿ, ಅಲ್ಲಿ ಹಂಚುವವರು ಎಲ್ಲವನ್ನೂ ಬಿಚ್ಚಿ ಹುಡುಕುವುದು ತಪ್ಪುತ್ತದೆ. ಮೊದಲ ಐವತ್ತು ಮುಗಿದಾಗ ಫೋಟೋ ಹಾಕಿ ಅಕ್ಕ, ಅಳತೆಯಲ್ಲಿ ಏನಾದರೂ ಅನುಮಾನ ಬಂದರೆ ಆಗಲೇ ಕೇಳಿ.