ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಡೈವೋರ್ಸ್ ವಿಷಯ ಹೊರಗೆ ಬರುತ್ತಾ?

ಪ್ರಶ್ನೆ (ಉಡುಪಿ, ಹೆಸರು ಬೇಡ): ಮಂಗಳೂರಿನ ಕಂಪನಿಯೊಂದರಿಂದ ಆಫರ್ ಬಂದಿದೆ. ಬ್ಯಾಕ್‌ಗ್ರೌಂಡ್ ಚೆಕ್ ಫಾರ್ಮಿಗೆ ಸಹಿ ಹಾಕಿ ಕಳಿಸಿ ಅಂದಿದ್ದಾರೆ. ನನಗೆ ಪರಸ್ಪರ ಒಪ್ಪಿಗೆಯಿಂದ ಡೈವೋರ್ಸ್ ಆಗಿದೆ. ಅದು ಅವರಿಗೆ ಗೊತ್ತಾಗುತ್ತಾ? ಹಳೆಯ ವಿಳಾಸವನ್ನೂ ಕೇಳಿದ್ದಾರೆ. ಅದು ಕಂಕನಾಡಿಯಲ್ಲಿರುವ ಗಂಡನ ಮನೆ.

ವಕೀಲರ ಉತ್ತರ: ಡೈವೋರ್ಸ್ ಅಪರಾಧ ಅಲ್ಲ ಮಾರಾಯ್ರೆ, ಅದಕ್ಕೆ ಹೆದರಬೇಡಿ. ಸಾಮಾನ್ಯವಾಗಿ ನೋಡುವುದು ಡಿಗ್ರಿ, ಹಿಂದಿನ ಕೆಲಸ, ವಿಳಾಸ, ಕ್ರಿಮಿನಲ್ ಕೇಸು. ಆದರೆ ಕೇಸು ಹುಡುಕುವವರು ಇ-ಕೋರ್ಟ್ಸ್‌ನಲ್ಲಿ (ಕೋರ್ಟು ಕೇಸುಗಳ ಸರ್ಕಾರಿ ವೆಬ್‌ಸೈಟ್) ನಿಮ್ಮ ಹೆಸರು ಹಾಕಿಯೇ ಹುಡುಕುತ್ತಾರೆ. ಅಲ್ಲಿ ಕೇಸ್ ನಂಬರ್, ಇಬ್ಬರ ಹೆಸರು ಕಣ್ಣಿಗೆ ಬೀಳಬಹುದು. ಒಳಗೆ ಏನು ಮಾತಾಡಿದಿರಿ ಅನ್ನುವುದು ಬೇರೆ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ವಿಚಾರಣೆ ಬಾಗಿಲು ಮುಚ್ಚಿಯೇ ನಡೆಯಬೇಕು, ಅದನ್ನು ಅಚ್ಚು ಹಾಕಿದರೆ ದಂಡ. ಎಷ್ಟು ಅಂತೀರಾ? ಹೆಚ್ಚೆಂದರೆ 1,000 ರೂಪಾಯಿ! 1955ರ ಕಾಯ್ದೆ, ಅಲ್ವಾ.

ನನಗೆ ಜಾಸ್ತಿ ಚಿಂತೆ ಆ ಕಂಕನಾಡಿ ವಿಳಾಸದ್ದೇ. ಚೆಕ್ ಮಾಡುವ ಏಜೆನ್ಸಿಯ ಹುಡುಗ ಗೇಟಿನ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾನೆ, ಪಕ್ಕದ ಮನೆಯವರನ್ನು "ಇವರು ಇಲ್ಲಿದ್ದರಾ?" ಅಂತ ಕೇಳುತ್ತಾನೆ. ಕೋರ್ಟು ಮುಚ್ಚಿಟ್ಟಿದ್ದು ಅಲ್ಲಿ ಎರಡು ನಿಮಿಷದಲ್ಲಿ ಬಯಲು. ಹಾಗಂತ ವಿಳಾಸ ಬಿಡಬೇಡಿ, ಸುಳ್ಳೂ ಬರೆಯಬೇಡಿ. ಕೆಲಸ ಹೋಗುವುದು ಸುಳ್ಳು ಮಾಹಿತಿಯಿಂದ. ಎಚ್‌ಆರ್‌ಗೆ ಮೊದಲೇ ಇಮೇಲ್ ಮಾಡಿ: "ಈ ವಿಳಾಸಕ್ಕೆ ದಾಖಲೆ ಕೊಡುತ್ತೇನೆ, ಖುದ್ದು ಭೇಟಿ ಬೇಡ." ಆ ಕಾಲದ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ಕಾರಣ ವಿವರಿಸಬೇಕಾಗಿಲ್ಲ.

ಇನ್ನೊಬ್ಬ ಸದಸ್ಯರು: ನನ್ನ ಮೇಲೆ 498ಎ (ಹೆಂಡತಿಗೆ ಕಿರುಕುಳ) ಕೇಸು ಇತ್ತು, ರಾಜಿಯಾಗಿ ಹೈಕೋರ್ಟಿನಲ್ಲಿ ರದ್ದಾಯಿತು. ನನಗೂ ಇದೇನಾ?

ವಕೀಲರ ಉತ್ತರ: ಇಲ್ಲ, ನಿಮ್ಮದು ಕ್ರಿಮಿನಲ್. ಮುಗಿದಿದ್ದರೂ ಹುಡುಕಿದರೆ ಸಿಗುತ್ತದೆ. ರದ್ದಾದ ಆದೇಶದ ಸರ್ಟಿಫೈಡ್ ಕಾಪಿ ಕೈಯಲ್ಲಿಟ್ಟುಕೊಳ್ಳಿ. ಫಾರ್ಮಿನ ಪ್ರಶ್ನೆ ಎರಡು ಸಲ ಓದಿ. "ಕೇಸು ಇದೆಯಾ" ಅನ್ನುವುದಕ್ಕೂ "ಯಾವತ್ತಾದರೂ ಇತ್ತಾ" ಅನ್ನುವುದಕ್ಕೂ ಉತ್ತರ ಬೇರೆ. ಹೆಸರು ಮರೆಮಾಡಿಸಲು ಹೈಕೋರ್ಟಿಗೆ ಅರ್ಜಿ ಹಾಕಬಹುದು. 2017ರಲ್ಲಿ ತಂದೆಯೊಬ್ಬರು ಕೇಳಿದಾಗ, ಅಂತರ್ಜಾಲದ ಹುಡುಕಾಟದಲ್ಲಿ ಮಗಳ ಹೆಸರು ಕಾಣದಂತೆ ನೋಡಿಕೊಳ್ಳಿ ಅಂತ ಕರ್ನಾಟಕ ಹೈಕೋರ್ಟ್ ತನ್ನ ರಿಜಿಸ್ಟ್ರಿಗೆ ಹೇಳಿತ್ತು. ಎಲ್ಲರಿಗೂ ಸಿಗುತ್ತದೆ ಅನ್ನಲಾರೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಮದುವೆಯ ಕಾಲಂನಲ್ಲಿ ಏನು ಬರೆಯಲಿ?

ವಕೀಲರ ಉತ್ತರ: ಇದ್ದದ್ದೇ ಬರೆಯಿರಿ, ವಿಮೆಗೆ, ಪಿಎಫ್‌ಗೆ ಬೇಕಾಗುತ್ತದೆ. ಹಾಗೇ ಪಿಎಫ್ ನಾಮಿನಿ ಯಾರಿದ್ದಾರೆ ನೋಡಿ. ಮಾಜಿ ಗಂಡನ ಹೆಸರೇ ಇದ್ದರೆ ಇವತ್ತೇ ಬದಲಿಸಿ.